‘ಚುರುಕು ಎಂ.ಆರ್.ಐ.’ ಅನ್ನಬಹುದೇ?

ಸ್ನೇಹಿತರೇ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮಸ್ಕಾರ.

ನಮ್ಮ ಕುಟುಂಬಶ್ರೀ ಸಂಘದ ಹೆಂಗಸರಿಗೆ ಹಂಚಲು ಸ್ತನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಎರಡು ದಿನದಿಂದ ನಿಂತಿದೆ.

ಕಾಂತದ ಯಂತ್ರದಿಂದ ಮೈಯೊಳಗಿನ ಚಿತ್ರ ತೆಗೆಯುವ ಎಂ.ಆರ್.ಐ. ಪರೀಕ್ಷೆಯ ಚಿಕ್ಕ ರೂಪಕ್ಕೆ ಇಂಗ್ಲಿಷಿನಲ್ಲಿ ‘ಅಬ್ರಿವಿಯೇಟೆಡ್ ಎಂ.ಆರ್.ಐ.’ ಎನ್ನುತ್ತಾರೆ. ಅದನ್ನೇ ‘ಫಾಸ್ಟ್ ಎಂ.ಆರ್.ಐ.’ ಎನ್ನುವವರೂ ಇದ್ದಾರೆ. ನಾನು ‘ಚುರುಕು ಎಂ.ಆರ್.ಐ.’ ಎಂದು ಬರೆದೆ. ಪಕ್ಕದ ಮನೆಯ ಟೀಚರಕ್ಕ ಓದಿದವರು ಮಲಯಾಳದಲ್ಲಿ. ನೋಡಿದ ಕೂಡಲೇ, “ಚುರುಕ್ಕಂ, ಅಂದ್ರೆ ಚಿಕ್ಕದು ಮಾಡಿದ್ದು, ಅಲ್ವಾ?” ಎಂದರು. ಮಲಯಾಳದ ಚುರುಕ್ಕಂ ಸಂಕ್ಷೇಪ, ನಮ್ಮ ಚುರುಕು ವೇಗ. ವಿಷಯ ನೋಡಿದರೆ ಅವರು ಹೇಳಿದ್ದೇ ಸರಿ!

ಯಾಕೆಂದರೆ ಇಲ್ಲಿ ಯಂತ್ರವೇನೂ ವೇಗವಾಗಿ ಓಡುವುದಿಲ್ಲ, ತೆಗೆಯುವ ಚಿತ್ರಗಳು ಕಡಿಮೆ. ಗ್ಯಾಡೋಲಿನಿಯಂ ಇರುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳು ಸೋರುವಂಥವು, ಹಾಗಾಗಿ ಔಷಧಿ ಅಲ್ಲಿಗೆ ಬೇಗ ಸೇರುತ್ತದೆ. ಮೊದಲ ಒಂದೆರಡು ನಿಮಿಷದಲ್ಲೇ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಹಾಗಾದರೆ ಆ ಮೊದಲ ಚಿತ್ರಗಳೇ ಸಾಕಲ್ಲ ಎಂದು ಜರ್ಮನಿಯ ವೈದ್ಯೆ ಕ್ರಿಸ್ಟಿಯಾನೆ ಕೂಲ್ ಅವರ ತಂಡ ಯೋಚಿಸಿತು. 443 ಹೆಂಗಸರನ್ನು ನೋಡಿ 2014ರಲ್ಲಿ ಬರೆದರು. 17 ನಿಮಿಷದ ಪರೀಕ್ಷೆ 3 ನಿಮಿಷಕ್ಕೆ ಇಳಿದಿತ್ತು. ಪೂರ್ತಿ ಪರೀಕ್ಷೆಯಲ್ಲಿ ಸಿಕ್ಕ ಕ್ಯಾನ್ಸರ್ ಯಾವುದೂ ತಪ್ಪಿರಲಿಲ್ಲ.

ಈಗ ಪದಕ್ಕೆ ಬರೋಣ. ‘ಸಂಕ್ಷಿಪ್ತ’ ಸರಿಯೇ, ಆದರೆ ನಮ್ಮ ಅಮ್ಮಂದಿರ ಬಾಯಿಗೆ ಬರುವುದಿಲ್ಲ. ‘ಮೊಟಕು’ ಅಂದರೆ ಏನೋ ಕಡಿದು ಬಿಟ್ಟ ಹಾಗೆ, ಅರ್ಧ ಪರೀಕ್ಷೆ ಯಾಕೆ ಮಾಡಿಸಬೇಕು ಎಂದು ಕೇಳುತ್ತಾರೆ. ‘ತ್ವರಿತ’ದಲ್ಲಿ ಮತ್ತೆ ವೇಗವೇ ಬರುತ್ತದೆ. ನನಗೆ ‘ಕಿರು ಎಂ.ಆರ್.ಐ.’ ಇಷ್ಟವಾಗಿದೆ. ಕಿರುಚಿತ್ರ ಅಂದರೆ ದೊಡ್ಡ ಸಿನಿಮಾದ ತುಂಡು ಅಂತ ಯಾರೂ ತಿಳಿಯುವುದಿಲ್ಲ. ಅದು ಸಣ್ಣದು, ಆದರೆ ಪೂರ್ತಿ. ಆ ಭಾವನೆ ಇಲ್ಲಿಗೂ ಬೇಕು.

ಇದರ ಜೊತೆಗೇ ಬರುವ ಇನ್ನೊಂದು ಪದ ‘ಡೆನ್ಸ್’. ಇದು ಇನ್ನೂ ಕಷ್ಟ. ‘ಗಟ್ಟಿ ಮೊಲೆ’ ಎಂದು ಬರೆದರೆ ಓದಿದವರು ಕೈಯಿಂದ ಒತ್ತಿ ನೋಡಿ ಹೆದರುತ್ತಾರೆ. ಇದು ಕೈಗೆ ಗೊತ್ತಾಗುವ ಗಟ್ಟಿಯಲ್ಲ, ಮ್ಯಾಮೊಗ್ರಾಂನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಕಾಣುವ ಬಿಳಿ. ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿ ಮತ್ತು ನಾರು ಬೆಳ್ಳಗೆ. ಗಡ್ಡೆಯೂ ಬೆಳ್ಳಗೇ ಆದ್ದರಿಂದ ಅದರಲ್ಲಿ ಅಡಗಿಬಿಡುತ್ತದೆ. ಕಿರು ಎಂ.ಆರ್.ಐ. ಬಹಳ ಉಪಯೋಗಕ್ಕೆ ಬರುವುದು ಹೀಗೆ ಬಿಳಿ ಜಾಸ್ತಿ ಇರುವವರಿಗೇ. 2020ರಲ್ಲಿ ಹೊರಬಂದ ಅಧ್ಯಯನದಲ್ಲಿ ಇಂಥ 1,444 ಹೆಂಗಸರಿದ್ದರು. 23 ಮಂದಿಗೆ ಕ್ಯಾನ್ಸರ್ ಇತ್ತು. ಕಿರು ಎಂ.ಆರ್.ಐ. 22 ಮಂದಿಯಲ್ಲಿ ಹಿಡಿಯಿತು, ಮೂರು ಆಯಾಮದ ಮ್ಯಾಮೊಗ್ರಾಂ 9 ಮಂದಿಯಲ್ಲಿ. ಕ್ಯಾನ್ಸರ್ ಅಲ್ಲದ್ದರ ಮೇಲೂ ಸಂಶಯ ಬರುವುದು ಎಂ.ಆರ್.ಐ.ಯಲ್ಲಿ ಜಾಸ್ತಿ, ಅದನ್ನೂ ಕರಪತ್ರದಲ್ಲಿ ಬರೆಯುತ್ತೇನೆ.

ಸದ್ಯಕ್ಕೆ ‘ದಟ್ಟ’ ಎಂದು ಬರೆದಿದ್ದೇನೆ. ದಟ್ಟ ಕಾಡು, ದಟ್ಟ ಮಂಜು ಎಂದಾಗ ಒಳಗಿನದು ಕಾಣದು ಎನ್ನುವ ಅರ್ಥ ತಾನಾಗಿ ಬರುತ್ತದೆ. ಆದರೆ ಮೈಯ ಭಾಗಕ್ಕೆ ದಟ್ಟ ಅಂದರೆ ನಿಮ್ಮ ಊರಲ್ಲಿ ಕೂದಲಷ್ಟೇ ನೆನಪಾಗುತ್ತದೆಯೇ? ಬಳ್ಳಾರಿ, ಸೊಲ್ಲಾಪುರ, ಹೊಸೂರು ಕಡೆಯವರು ದಯವಿಟ್ಟು ಮನೆಯ ಹೆಂಗಸರನ್ನೇ ಕೇಳಿ ತಿಳಿಸಿ.