ಹಳೇ ಟೋಯಿಂಗ್ ಗಾಡಿಯ ಹಿಂದಿನ ಪಾಟಾ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಕೂತಿದೆ. ಪ್ಲೇಟ್ ಸೇರಿಸಲಾ, ಸೆಟ್ಟೇ ಬದಲಿಸಲಾ?

ಅಂಕೋಲಾ_ಟೋಯಿಂಗ್:

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಟಾಟಾ 407 ಲಾರಿ. ಹಿಂದೆ ಕ್ರೇನ್ ಕೂರಿಸಿ ಟೋಯಿಂಗಿಗೆ ಓಡಿಸುತ್ತೇನೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದವರೆಗೆ ಕೆಲಸ ಜಾಸ್ತಿ, ಉಳಿದಂತೆ ಹೆದ್ದಾರಿ 66ರಲ್ಲಿ ಕಾರವಾರದ ಕಡೆ. ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೂ ಫೋನ್ ಬರುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಘಟ್ಟದ ತಿರುವಿನಲ್ಲಿ ನಿಂತವರು ಕರೆದರೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಅದಕ್ಕೇ ಗಾಡಿಯ ಚಿಂತೆ ಹತ್ತಿದೆ.

ಖಾಲಿ ಇದ್ದಾಗಲೇ ಹಿಂದಿನ ಎಡಗಡೆ ಬಲಕ್ಕಿಂತ ಎರಡೂವರೆ ಇಂಚು ಕೆಳಗಿದೆ. ಕಾರನ್ನು ಎತ್ತಿದ ಮೇಲೆ ಹೊಂಡ ಸಿಕ್ಕಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಬ್ರೇಕ್ ಹೊಡೆದಾಗ ಹಿಂದಿನಿಂದ 'ಟಕ್' ಅಂತ ಒಂದೇ ಸದ್ದು. ಇಳಿಜಾರಿನಲ್ಲಿ ಸ್ಟೇರಿಂಗ್ ತೀರಾ ಹಗುರ, ಮುಂದಿನ ಚಕ್ರ ರಸ್ತೆ ಹಿಡಿದೇ ಇಲ್ಲವೇನೋ ಅನ್ನಿಸುತ್ತದೆ. ಒಬ್ಬ ಮೇಸ್ತ್ರಿ ಎರಡು ಪ್ಲೇಟ್ ಸೇರಿಸಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಇದ್ದ ಪಾಟಾವನ್ನೇ ಕಾಯಿಸಿ ಬಗ್ಗಿಸಿ ಕಮಾನು ಎತ್ತಿಕೊಡುತ್ತೇನೆ ಅನ್ನುತ್ತಾರೆ. ಹೊಸ ಸೆಟ್ ಹಾಕಿಸುವುದೇ ಸರಿಯಾ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಘಟ್ಟದ_ಲಾರಿ_ಶಿರಸಿ:

ತಮ್ಮಾ, ದುಡ್ಡು ಹಾಕುವ ಮೊದಲು ಒಂದು ಟೇಪ್ ಹಿಡಿದುಕೊಂಡು ಅರ್ಧ ಗಂಟೆ ಗಾಡಿಯ ಸುತ್ತ ತಿರುಗು. ನಾನು ದೇವಿಮನೆ ಘಟ್ಟದಲ್ಲಿ ಲಾರಿ ಓಡಿಸಿ ಕಲಿತದ್ದು ಇದು.

ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸು, ನಾಲ್ಕೂ ಟೈರಿಗೆ ಗಾಳಿ ಸರಿಯಾಗಿರಲಿ. ಹಿಂದಿನ ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ಮೇಲಿನಿಂದ ಚಾಸಿಯ (ಗಾಡಿಯ ಚೌಕಟ್ಟಿನ) ಅಡಿಗೆ ಎಷ್ಟು ಅಂತರ, ಎರಡೂ ಕಡೆ ಅಳೆದು ಬರೆದುಕೋ. ಮುಂದೆಯೂ ಅಳೆ. ಯಾಕೆಂದರೆ ಮುಂದಿನ ಬಲಗಡೆ ಪಾಟಾ ಗಟ್ಟಿಯಿದ್ದು ಎಡಗಡೆಯದು ಸೋತಿದ್ದರೆ ಗಾಡಿ ಒಟ್ಟಾರೆ ಎಡಕ್ಕೆ ವಾಲುತ್ತದೆ, ನಾವು ಹಿಂದಿನ ಪಾಟಾವನ್ನು ಸುಮ್ನೆ ಬೈಯುತ್ತೇವೆ. ಆಮೇಲೆ ಮುಂದಿನ ಚಕ್ರದ ನಡುಮಧ್ಯದಿಂದ ಹಿಂದಿನ ಚಕ್ರದ ನಡುಮಧ್ಯಕ್ಕೆ ಎಡದಲ್ಲಿ ಎಷ್ಟು, ಬಲದಲ್ಲಿ ಎಷ್ಟು ಅಂತ ಅಳೆ. ಸ್ಟೇರಿಂಗ್ ನೇರ ಇರಬೇಕು. ಎರಡರಲ್ಲಿ ಒಂದು ಬೆರಳಿನಷ್ಟು ವ್ಯತ್ಯಾಸ ಬಂದರೆ ಆಕ್ಸಲ್ ಜಾರಿದೆ ಅಂತ ಅರ್ಥ. ಹಾಗಿದ್ದರೆ ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ಕಟ್ ಆಗಿರಬಹುದು, ಇಲ್ಲಾ ಪಾಟಾದ ಮುಂದಿನ ತುದಿಯನ್ನು ಚಾಸಿಗೆ ಹಿಡಿಯುವ ಹ್ಯಾಂಗರಿನ ಬುಷ್ (ಪಿನ್ ಕೂರುವ ಬಳೆ) ಸವೆದಿರಬಹುದು. ನೀನು ಹೇಳಿದ ಆ 'ಟಕ್' ಸದ್ದು ನನಗೆ ಅಲ್ಲಿಂದಲೇ ಬಂದ ಹಾಗೆ ಕಾಣುತ್ತದೆ.

ಎಡಗಡೆಯೇ ಯಾಕೆ ಕೂರುತ್ತದೆ ಗೊತ್ತಾ? ರಸ್ತೆ ಎಡಕ್ಕೆ ಇಳಿಜಾರಾಗಿರುತ್ತದೆ, ನೀರು ಹರಿದುಹೋಗಲಿ ಅಂತ. ಎದುರಿನ ಗಾಡಿಗೆ ಜಾಗ ಕೊಡಲು ಡಾಂಬರಿನಿಂದ ಕೆಳಗೆ ಇಳಿಯುವುದೂ ಎಡ ಚಕ್ರವೇ. ಚೈನು, ಟೂಲ್ ಬಾಕ್ಸು, ಸ್ಟೆಪ್ನಿ ಇವೆಲ್ಲ ನಿನ್ನ ಗಾಡಿಯಲ್ಲಿ ಯಾವ ಕಡೆ ಇವೆ ನೋಡು. ಎಡಗಡೆ ಇದ್ದರೆ ಬಲಕ್ಕೆ ಸಾಗಿಸು.

ಕುಮಟಾ_ಮೆಕ್ಯಾನಿಕ್:

ಮೇಲಿನವರು ಹೇಳಿದ್ದು ಸರಿ. ನಾನು ಬಿಚ್ಚುವ ಕೆಲಸದ ಬಗ್ಗೆ ಬರೆಯುತ್ತೇನೆ.

ನಮ್ಮ ಕರಾವಳಿಯಲ್ಲಿ ಪಾಟಾ ಹಾಳಾಗುವುದು ಬರೀ ಭಾರದಿಂದ ಅಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಪ್ಲೇಟುಗಳ ಮಧ್ಯೆ ತುಕ್ಕು ಪದರ ಪದರವಾಗಿ ಬೆಳೆದು ಪ್ಲೇಟುಗಳೇ ಒಂದರಿಂದ ಒಂದು ಬಾಯಿ ಬಿಡುತ್ತವೆ. ಆಮೇಲೆ ಅವು ಒಂದರ ಮೇಲೊಂದು ಜಾರುವುದಿಲ್ಲ, ಕಚ್ಚಿಕೊಳ್ಳುತ್ತವೆ. ತುಕ್ಕು ಕೊರೆದ ಸಣ್ಣ ಗುಂಡಿಯಿಂದಲೇ ಬಿರುಕು ಶುರುವಾಗುತ್ತದೆ. ಬಿರುಕು ಹೊರಗೆ ಕಾಣುವುದೇ ಇಲ್ಲ, ಯಾಕೆಂದರೆ ಪ್ಲೇಟ್ ಮುರಿಯುವುದು ಹೆಚ್ಚಾಗಿ ಸೆಂಟರ್ ಬೋಲ್ಟಿನ ತೂತಿನ ಹತ್ತಿರ, ಪಾಟಾವನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ಅಡಿಯಲ್ಲಿ. ಯು ಬೋಲ್ಟ್ ಸಡಿಲವಾಗಿ ಓಡಿದ ಗಾಡಿಯಲ್ಲಂತೂ ಅಲ್ಲೇ ಮುರಿಯುತ್ತದೆ. ಹಾಗಾಗಿ ಬಿಚ್ಚದೆ ಯಾರೂ 'ಇಷ್ಟೇ ಸಾಕು' ಅಂತ ಹೇಳಲು ಆಗುವುದಿಲ್ಲ.

ಕಾಯಿಸಿ ಬಗ್ಗಿಸುವ ಮಾತು ದಯವಿಟ್ಟು ಬಿಟ್ಟುಬಿಡಿ. ಅದು ಸ್ಪ್ರಿಂಗ್ ಸ್ಟೀಲ್. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾದ ಕಾವಿನಲ್ಲಿ ಇಟ್ಟು ಬಿಗುಪು ತೆಗೆದರೆ ಮಾತ್ರ ಸ್ಪ್ರಿಂಗಿನ ಗುಣ ಉಳಿಯುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಡಿದು ಹಾಗೇ ಆರಲು ಬಿಟ್ಟ ಪಾಟಾ ಕೆಲವೇ ದಿನದಲ್ಲಿ ಮತ್ತೆ ಕೂರುತ್ತದೆ. ಪಾಟಾಕ್ಕೆ ವೆಲ್ಡಿಂಗ್ ಅಂತೂ ಮಾಡಿಸಲೇಬೇಡಿ, ವೆಲ್ಡ್ ಆದ ಜಾಗದ ಪಕ್ಕದಲ್ಲೇ ಮುರಿಯುತ್ತದೆ.

ಮಾಡುವುದಾದರೆ ಎರಡೂ ಕಡೆ ಒಟ್ಟಿಗೇ ಮಾಡಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಇಪ್ಪತ್ತು ವರ್ಷ ಹಳೆಯದು ಅಂದರೆ ಗಾಡಿ ಮತ್ತೆ ವಾಲುತ್ತದೆ, ಈ ಸಲ ಬಲಕ್ಕೆ. ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬರೀ ಜಾಕಿ ನಂಬಬೇಡಿ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಪಾಟಾಕ್ಕೆ ಸಿ ಕ್ಲ್ಯಾಂಪ್ ಬಿಗಿಯಿರಿ, ಇಲ್ಲದಿದ್ದರೆ ಪ್ಲೇಟುಗಳು ಸಿಡಿದು ಬಿಚ್ಚಿಕೊಳ್ಳುತ್ತವೆ, ಕೈ ಹೋಗುತ್ತದೆ. ಬುಷ್, ಪಿನ್, ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಓಲಾಡುವ ಕೊಂಡಿ) ಹೊಸದೇ ಹಾಕಿ. ಹ್ಯಾಂಗರ್ ಬ್ರಾಕೆಟಿನ ರಿವೆಟ್ ಸುತ್ತಿಗೆಯಿಂದ ತಟ್ಟಿ ನೋಡಿ, ಸಡಿಲಾದ ರಿವೆಟಿನ ಸುತ್ತ ಕೆಂಪು ಪುಡಿ ಕಾಣುತ್ತದೆ. ಯು ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಬೇಡಿ, ಒಮ್ಮೆ ಬಿಗಿದು ಎಳೆದುಕೊಂಡ ಬೋಲ್ಟ್ ಎರಡನೇ ಸಲ ಸರಿಯಾಗಿ ಹಿಡಿಯುವುದಿಲ್ಲ. ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತ ಮೇಲೆ, ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ.

ಕಾಳಿ_ದಂಡೆ:

ನಾನೂ ಕಾರವಾರದಲ್ಲಿ ಇದೇ ಕೆಲಸ ಮಾಡುವವನು. ಅಣ್ಣಾ, ನಿಮ್ಮ ಸ್ಟೇರಿಂಗ್ ಹಗುರ ಆಗುವ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಹೆದರಿಕೆ ಇರುವುದು ಅಲ್ಲೇ.

ಸಾಮಾನು ಹೇರುವ ಲಾರಿಯಲ್ಲಿ ಭಾರ ಎರಡು ಆಕ್ಸಲಿನ ಮಧ್ಯೆ ಕೂರುತ್ತದೆ. ನಮ್ಮದರಲ್ಲಿ ಭಾರ ಹಿಂದಿನ ಆಕ್ಸಲಿಗಿಂತ ಆಚೆ ನೇತಾಡುತ್ತದೆ. ಲೆಕ್ಕ ಹಾಕಿ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 3 ಮೀಟರ್ ಅಂದುಕೊಳ್ಳಿ, ಕೊಕ್ಕೆ ಹಿಂದಿನ ಆಕ್ಸಲಿನಿಂದ 1.5 ಮೀಟರ್ ಆಚೆ. ಕಾರಿನ ಮೂತಿ ಎತ್ತಿದಾಗ ಕೊಕ್ಕೆಯ ಮೇಲೆ 600 ಕಿಲೋ ಬಂತು ಅಂದರೆ ಹಿಂದಿನ ಆಕ್ಸಲಿಗೆ 600 ಅಲ್ಲ, 900 ಕಿಲೋ ಸೇರುತ್ತದೆ. ಆ ಹೆಚ್ಚಿನ 300 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಘಟ್ಟದಲ್ಲಿ ಮಳೆ ಬಂದಾಗ ತಿರುಗಿಸಬೇಕಾದ, ಬ್ರೇಕ್ ಹಿಡಿಯಬೇಕಾದ ಚಕ್ರ ಅದು. ಪ್ಲೇಟ್ ಎಷ್ಟೇ ಸೇರಿಸಿದರೂ ಈ 300 ವಾಪಸ್ ಬರುವುದಿಲ್ಲ. ಗಾಡಿ ನೋಡಲು ನೆಟ್ಟಗೆ ನಿಲ್ಲುತ್ತದೆ, ಅಷ್ಟೇ. ನಾವು ಧೈರ್ಯದಿಂದ ಇನ್ನೂ ಭಾರದ ಕಾರು ಎತ್ತುತ್ತೇವೆ. ಅದೇ ಅಪಾಯ.

ಇನ್ನು ಪ್ಲೇಟ್ ಸೇರಿಸುವ ಲೆಕ್ಕ. ಅದೇ ಅಳತೆ, ಅದೇ ದಪ್ಪದ 8 ಪ್ಲೇಟಿಗೆ ಇನ್ನೊಂದು ಸೇರಿಸಿದರೆ ಎಂಟನೇ ಒಂದು ಪಾಲು ಗಟ್ಟಿಯಾಗುತ್ತದೆ, ಪರವಾಗಿಲ್ಲ. ಆದರೆ ದಪ್ಪ ಬೇರೆ ಇದ್ದರೆ ಕಥೆಯೇ ಬೇರೆ. 7 ಮಿಲಿಮೀಟರ್ ಪ್ಲೇಟಿಗಿಂತ 8 ಮಿಲಿಮೀಟರಿನದು ಸುಮಾರು ಒಂದೂವರೆ ಪಟ್ಟು ಗಟ್ಟಿ. ಗುಜರಿಯಿಂದ ಸಿಕ್ಕ ದಪ್ಪ ಪ್ಲೇಟ್ ತುರುಕಿದರೆ ಅದೊಂದೇ ಜಾಸ್ತಿ ಭಾರ ಹೊತ್ತು ಮೊದಲು ಮುರಿಯುತ್ತದೆ. ಖಾಲಿ ಓಡುವಾಗ ಹಿಂದಿನ ಚಕ್ರ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ.

ನಾನು ಮಾಡಿಸಿದ್ದು ಇದು. ಮೂಲ ಸೆಟ್ ಎಷ್ಟು ಪ್ಲೇಟಿನದೋ ಅಷ್ಟೇ ಹೊಸದು, ಅದರ ಮೇಲೆ ಹೆಲ್ಪರ್ ಪಾಟಾ. ಖಾಲಿ ಇದ್ದಾಗ ಹೆಲ್ಪರ್ ಮುಟ್ಟುವುದೇ ಇಲ್ಲ, ಕಾರು ಎತ್ತಿದಾಗ ಮಾತ್ರ ಭಾರ ತೆಗೆದುಕೊಳ್ಳುತ್ತದೆ. ಎತ್ತಿದ ಕಾರನ್ನು ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಎಳೆದುಕೊಳ್ಳುತ್ತೇನೆ. ದೊಡ್ಡ ಗಾಡಿ ಬಂದರೆ ನನ್ನದರಲ್ಲಿ ಆಗುವುದಿಲ್ಲ ಅಂತ ಹೇಳಿ, ಇಡೀ ಗಾಡಿಯನ್ನೇ ಮೇಲೆ ಹೇರುವ ಫ್ಲಾಟ್‌ಬೆಡ್ ಇದ್ದವರ ನಂಬರ್ ಕೊಡುತ್ತೇನೆ.

ಇನ್ನೊಂದು ಮಾತು. ಕೆಲವು ಗಾಡಿಯಲ್ಲಿ ಹಿಂದಿನ ಆಕ್ಸಲಿಗೆ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂದೆ ಕೂತಷ್ಟೂ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುವುದು ಅದರ ಕೆಲಸ. ಪಾಟಾ ಬದಲಿಸಿ ಎತ್ತರ ಹೆಚ್ಚಾದ ಮೇಲೆ ಆ ಸರಳನ್ನು ಮತ್ತೆ ಹೊಂದಿಸಲೇಬೇಕು. ಇಲ್ಲದಿದ್ದರೆ ಭಾರ ಇದ್ದಾಗಲೂ ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಹೆಡ್‌ಲೈಟೂ ನೋಡಿಸಿ, ಬೆಳಕು ಬೀಳುವ ಜಾಗ ಬದಲಾಗಿರುತ್ತದೆ.

ಅಂಕೋಲಾ_ಟೋಯಿಂಗ್:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕೆಲಸ ಮುಗಿಯಿತು.

ಅಳೆದಾಗ ಎಡಗಡೆ ಚಕ್ರದ ಅಂತರ ಬಲಕ್ಕಿಂತ 14 ಮಿಲಿಮೀಟರ್ ಜಾಸ್ತಿ ಬಂತು. ಬಿಚ್ಚಿ ನೋಡಿದರೆ ಎಡಗಡೆ ಮೂರನೇ ಪ್ಲೇಟ್ ಯು ಬೋಲ್ಟಿನ ಅಡಿಯಲ್ಲೇ ಎರಡು ತುಂಡು. ಮುರಿದ ಅಂಚು ಅರ್ಧ ಕಪ್ಪು, ಅರ್ಧ ಹೊಳಪು. ಅಂದರೆ ಎಷ್ಟೋ ದಿನದಿಂದ ಬಿರುಕು ಬಿಟ್ಟುಕೊಂಡೇ ಓಡಿದೆ ಅಲ್ವಾ? ನೋಡಿ ಕೈಕಾಲು ತಣ್ಣಗಾಯಿತು, ಹಿಂದಿನ ವಾರವಷ್ಟೇ ಒಂದು ಮನೆಯವರನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಘಟ್ಟ ಇಳಿದಿದ್ದೆ. ಸೆಂಟರ್ ಬೋಲ್ಟ್ ಸವೆದು ಸೊಂಟ ಸಣ್ಣದಾಗಿತ್ತು. ಮುಂದಿನ ಬುಷ್ ಮೊಟ್ಟೆಯ ಆಕಾರ.

ಹುಬ್ಬಳ್ಳಿಯಿಂದ ಎರಡೂ ಕಡೆಗೆ ಸೆಟ್ ತರಿಸಿದೆ, ಪ್ಲೇಟ್ ಲೆಕ್ಕ ಮೊದಲಿನಷ್ಟೇ, ಮೇಲೆ ಹೆಲ್ಪರ್. ಬುಷ್, ಪಿನ್, ಶ್ಯಾಕಲ್, ಯು ಬೋಲ್ಟ್ ಎಲ್ಲಾ ಹೊಸದು. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಇಳಿಯುತ್ತಿತ್ತು, ಅದನ್ನೂ ಬದಲಿಸಿದೆ. ಟೂಲ್ ಬಾಕ್ಸ್ ಬಲಕ್ಕೆ ಹೋಯಿತು. ಕ್ರೇನಿನ ಕೈಯನ್ನು ಒಂದು ತೂತು ಒಳಗೆ ಎಳೆದೆ, ಕಾರು ಈಗ ಹತ್ತಿರ ನಿಲ್ಲುತ್ತದೆ, ಸ್ಟೇರಿಂಗಿಗೆ ತೂಕ ಬಂದಿದೆ. ಎರಡೂ ಕಡೆ ಎತ್ತರ ಹೆಚ್ಚುಕಡಿಮೆ ಒಂದೇ. 'ಟಕ್' ಸದ್ದು ಹೋಯಿತು.

ಒಂದೇ ಸಂಶಯ. ಖಾಲಿ ಇದ್ದಾಗ ಹಂಪ್ ದಾಟಿದರೆ ಕಿರ್ ಕಿರ್ ಅನ್ನುತ್ತದೆ. ಸುಟ್ಟ ಎಣ್ಣೆ (ಬಳಸಿದ ಎಂಜಿನ್ ಆಯಿಲ್) ಬಿಡಲಾ?

ಕುಮಟಾ_ಮೆಕ್ಯಾನಿಕ್:

ಬೇಡ. ಸುಟ್ಟ ಎಣ್ಣೆಗೆ ಧೂಳು, ಮರಳು ಹಿಡಿದು ಪ್ಲೇಟನ್ನು ಉಜ್ಜುತ್ತದೆ, ರಬ್ಬರ್ ಬುಷ್ ಇದ್ದರೆ ಅದೂ ಊದಿಕೊಳ್ಳುತ್ತದೆ. ಹೊಸ ಪಾಟಾ ಕೂರುವವರೆಗೆ ಸ್ವಲ್ಪ ಸದ್ದು ಇದ್ದದ್ದೇ. ತುಂಬಾ ಆದರೆ ಚಾಸಿ ಎತ್ತಿ ಭಾರ ಇಳಿಸಿ, ಪ್ಲೇಟುಗಳ ತುದಿಯ ಸಂದಿಗೆ ಗ್ರಾಫೈಟ್ ಗ್ರೀಸ್ ಹಾಕಿ. ಅದಕ್ಕಿಂತ ಮುಖ್ಯ, ಯು ಬೋಲ್ಟ್ ಮತ್ತೆ ಬಿಗಿದಿರಾ? ಹೊಸ ಪಾಟಾ ಓಡಿದ ಮೇಲೆ ಪ್ಲೇಟುಗಳು ಕೂತು ನಟ್ ಸಡಿಲಾಗುತ್ತದೆ. ಮೂರು ವಾರ ಆಯಿತು ಅನ್ನುತ್ತೀರಿ, ಇವತ್ತೇ ಪಾನಾ ಹಾಕಿ ನೋಡಿ.

ಅಂಕೋಲಾ_ಟೋಯಿಂಗ್:

ಈಗಷ್ಟೇ ನೋಡಿದೆ. ಎಡಗಡೆ ಎರಡು ನಟ್ ಅರ್ಧ ಸುತ್ತು ತಿರುಗಿದವು, ಬಲಗಡೆ ಒಂದು. ಬಿಗಿದು ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ, ಸರಿದರೆ ಗೊತ್ತಾಗಲಿ ಅಂತ.