60 ಪುಟದ ಮ್ಯಾನ್ಯುಯಲ್ ಬರೆದೆ, ಫೋನ್ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ (ದಾವಣಗೆರೆಯಿಂದ)

ಅಕ್ಕಾ ನಮಸ್ಕಾರ. ಬಿಸಿಎ ಮುಗಿಸಿ ದಾವಣಗೆರೆಯಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಸೇರಿದ್ದೇನೆ. ಪೈಪು, ಮೋಟಾರು, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹರಿಹರ, ಚಳ್ಳಕೆರೆ, ಹಿರಿಯೂರು ಕಡೆಯೆಲ್ಲ ಗಿರಾಕಿಗಳಿದ್ದಾರೆ. "ನಿನಗೆ ಕನ್ನಡ ಚೆನ್ನಾಗಿ ಬರುತ್ತೆ, ಯೂಸರ್ ಮ್ಯಾನ್ಯುಯಲ್ ಬರಿ" ಅಂದರು ನಮ್ಮ ಸರ್. ಎರಡು ತಿಂಗಳು ಕೂತು 60 ಪುಟ ಬರೆದೆ. ಒಂದು ಮೆನು ಬಿಟ್ಟಿಲ್ಲ, ಒಂದು ಬಟನ್ ಬಿಟ್ಟಿಲ್ಲ. ಸ್ಪೈರಲ್ ಬೈಂಡಿಂಗ್ ಮಾಡಿಸಿ ಎಲ್ಲ ಅಂಗಡಿಗೂ ಕೊಟ್ಟೆವು. ಆದರೂ ದಿನಾ ಮೊದಲಿನಷ್ಟೇ ಫೋನ್. ಮೊನ್ನೆ ಒಂದು ಅಂಗಡಿಗೆ ಹೋದರೆ ನನ್ನ ಪುಸ್ತಕವನ್ನು ಮಾನಿಟರ್ ಕೆಳಗೆ ಎತ್ತರಕ್ಕೆ ಇಟ್ಟುಕೊಂಡಿದ್ದರು. ಎಲ್ಲಿ ತಪ್ಪಿದೆ? ಇದನ್ನು ಸರಿಯಾಗಿ ಕಲಿಯೋದು ಹೇಗೆ?

ಉತ್ತರ (ಟೆಕ್ನಿಕಲ್ ರೈಟರ್, ಚಿತ್ರದುರ್ಗ)

ಮಾನಿಟರ್ ಕೆಳಗಾದರೂ ಉಪಯೋಗಕ್ಕೆ ಬಂತಲ್ಲ ತಂಗಿ! ನಾನು ಬೆಂಗಳೂರಿನಲ್ಲಿ ಬರೆದ ಮೊದಲ ಮ್ಯಾನ್ಯುಯಲ್‌ನ ಪ್ಲಾಸ್ಟಿಕ್ ಕವರನ್ನೇ ಯಾರೂ ಹರಿದಿರಲಿಲ್ಲ.

ನಿನ್ನ ಕನ್ನಡದಲ್ಲಿ ತೊಂದರೆ ಇರಲಿಕ್ಕಿಲ್ಲ. ಮೆನು ಯಾವ ಸಾಲಿನಲ್ಲಿದೆಯೋ ಅದೇ ಸಾಲಿನಲ್ಲಿ ಬರೆದಿದ್ದೀಯ, ಅಲ್ವಾ? ಮಾಸ್ಟರ್, ಟ್ರಾನ್ಸಾಕ್ಷನ್, ರಿಪೋರ್ಟ್, ಯುಟಿಲಿಟಿ. ಅಂಗಡಿ ಗುಮಾಸ್ತನ ದಿನ ಹಾಗೆ ನಡೆಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬೋರ್‌ವೆಲ್‌ಗೆ ಮೋಟಾರು ಇಳಿಸುವವರು ಬಂದು ನಿಂತಿರುತ್ತಾರೆ. ಒಬ್ಬರು ಉದ್ರಿ ಬರೆಸುತ್ತಾರೆ. ಇನ್ನೊಬ್ಬರು ನಿನ್ನೆ ಒಯ್ದ ಎರಡು ಪೈಪು ಜಾಸ್ತಿ ಆಯ್ತು ಅಂತ ವಾಪಸ್ ತರುತ್ತಾರೆ. ಅವರ ಮುಂದೆ ನಿಂತುಕೊಂಡು ಆತ ನಿನ್ನ ಪುಸ್ತಕದಲ್ಲಿ "ಉದ್ರಿ" ಹುಡುಕುತ್ತಾನೆ. ಪುಸ್ತಕದಲ್ಲಿರುವುದು "ಕ್ರೆಡಿಟ್ ಸೇಲ್". ಫೋನ್ ಮಾಡುವುದೇ ಸುಲಭ.

ಇದೇನು ಹೊಸ ರೋಗವಲ್ಲ. 1980ರ ದಶಕದಲ್ಲಿ ಐಬಿಎಂನಲ್ಲಿ ಜಾನ್ ಕ್ಯಾರಲ್ ಎಂಬ ಸಂಶೋಧಕರು, ಆಫೀಸಿನವರು ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲಿ ಕೂತು ನೋಡಿದರು. ಜನ ಮೊದಲಿಂದ ಕೊನೆಯವರೆಗೆ ಓದುತ್ತಲೇ ಇರಲಿಲ್ಲ. ನೇರ ಕೆಲಸಕ್ಕೆ ಕೈ ಹಾಕುತ್ತಿದ್ದರು, ತಪ್ಪು ಮಾಡಿ ಸಿಕ್ಕಿಕೊಳ್ಳುತ್ತಿದ್ದರು. ಕ್ಯಾರಲ್ ಮ್ಯಾನ್ಯುಯಲ್ ಅನ್ನು ಚಿಕ್ಕದು ಮಾಡಿದರು, ತಪ್ಪಾದಾಗ ಹೊರಗೆ ಬರುವ ದಾರಿಯನ್ನು ಅದರೊಳಗೆ ಸೇರಿಸಿದರು. ಜನ ಬೇಗ ಕಲಿತರು.

ಹಾಗಾಗಿ ಈಗ ಬರೆಯುವುದನ್ನು ನಿಲ್ಲಿಸು. ಎರಡು ವಾರ ಆಫೀಸಿನ ಫೋನ್ ಪಕ್ಕ ಕೂರು. ಒಂದು ನೋಟ್‌ಬುಕ್ ಇಟ್ಟುಕೊಂಡು ಫೋನ್ ಮಾಡಿದವರ ಮೊದಲ ವಾಕ್ಯವನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೋ. ತಿದ್ದಬೇಡ. "ಮೇಡಂ, ಬಿಲ್ ಹೊಡೆದಾಯ್ತು, ಪಾರ್ಟಿ ಹೆಸರು ತಪ್ಪಾಯ್ತು" ಅಂದರೆ ಅದೇ ನಿನ್ನ ಶೀರ್ಷಿಕೆ. "ಇನ್‌ವಾಯ್ಸ್ ತಿದ್ದುಪಡಿ ವಿಧಾನ" ಅಂತ ಅದನ್ನು ಶುದ್ಧ ಮಾಡಲು ಹೋಗಬೇಡ.

ಒಂದು ಉದಾಹರಣೆ ಕೊಡುತ್ತೇನೆ. ಇ-ವೇ ಬಿಲ್, ಅಂದರೆ ಲಾರಿಯಲ್ಲಿ ಮಾಲು ಕಳಿಸುವಾಗ ಜಿಎಸ್‌ಟಿಗಾಗಿ ಆನ್‌ಲೈನಿನಲ್ಲಿ ತೆಗೆಯುವ ಬಿಲ್, ಅದರ ಬಗ್ಗೆ ನಿನ್ನ ಪುಸ್ತಕದಲ್ಲಿ ಏನಿದೆ?

ಪ್ರಶ್ನೆ ಕೇಳಿದವರು

ಇದು ಅಕ್ಕಾ: "ಬಳಕೆದಾರರು ಇ-ವೇ ಬಿಲ್ ಮೆನುವಿನಲ್ಲಿ ಕ್ಯಾನ್ಸಲ್ ಆಯ್ಕೆಯನ್ನು ಆರಿಸುವ ಮೂಲಕ ಇ-ವೇ ಬಿಲ್ ಅನ್ನು ರದ್ದುಗೊಳಿಸಬಹುದಾಗಿದೆ. ಸೂಚನೆ: 24 ಗಂಟೆಯೊಳಗೆ ಮಾತ್ರ."

ಉತ್ತರ

ಸಿಕ್ಕಿತು ನೋಡು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಗುಮಾಸ್ತ ಈ ಪುಟಕ್ಕೆ ಯಾಕೆ ಬಂದ? ಏನೋ ತಪ್ಪಾಗಿರುವುದಕ್ಕೆ. ಏನು ತಪ್ಪಾಗಿದೆ ಅನ್ನುವುದರ ಮೇಲೆ ದಾರಿಯೇ ಬೇರೆ. ಲಾರಿ ನಂಬರ್ ಮಾತ್ರ ತಪ್ಪಿದ್ದರೆ ರದ್ದು ಮಾಡುವುದೇ ಬೇಡ. ಇ-ವೇ ಬಿಲ್ಲಿನ ಅವಧಿ ಇರುವವರೆಗೆ ಗಾಡಿ ನಂಬರ್ ಬದಲಿಸಬಹುದು. ಮಾಲು ಅಥವಾ ರೇಟು ತಪ್ಪಿದ್ದರೆ ತಿದ್ದಲು ಆಗುವುದಿಲ್ಲ, ರದ್ದು ಮಾಡಿ ಹೊಸದು ತೆಗೆಯಬೇಕು. ಅದೂ 24 ಗಂಟೆಯೊಳಗೆ. ದಾರಿಯಲ್ಲಿ ಅಧಿಕಾರಿ ತಪಾಸಣೆ ಮಾಡಿದ್ದರೆ ಆಗ ಅದೂ ಇಲ್ಲ. ನಿನ್ನ ಪುಟ ಓದಿದವನು ಲಾರಿ ನಂಬರ್‌ಗೋಸ್ಕರ ಬಿಲ್ಲನ್ನೇ ರದ್ದು ಮಾಡಿ ಕೂರುತ್ತಾನೆ. ನಾನಾದರೆ ಹೀಗೆ ಬರೆಯುತ್ತೇನೆ:

"ಇ-ವೇ ಬಿಲ್ ತಪ್ಪಾಯ್ತು, ಈಗೇನು ಮಾಡಲಿ?
ಲಾರಿ ನಂಬರ್ ಮಾತ್ರ ತಪ್ಪಿದ್ದರೆ: ರದ್ದು ಮಾಡಬೇಡಿ. ಗಾಡಿ ನಂಬರ್ ಬದಲಿಸಿ, ಪುಟ 4 ನೋಡಿ.
ಮಾಲು, ರೇಟು, ಪಾರ್ಟಿ ತಪ್ಪಿದ್ದರೆ: ಮೊದಲು ಬಿಲ್ ತೆಗೆದ ಸಮಯ ನೋಡಿ. 24 ಗಂಟೆ ದಾಟಿದ್ದರೆ ರದ್ದಾಗುವುದಿಲ್ಲ, ನಿಮ್ಮ ಲೆಕ್ಕದವರಿಗೆ ಫೋನ್ ಮಾಡಿ. ದಾಟಿಲ್ಲದಿದ್ದರೆ ಬಲಗಡೆ ಮೇಲಿರುವ ಕ್ಯಾನ್ಸಲ್ ಒತ್ತಿ."

24 ಗಂಟೆಯ ಮಾತು ಎಲ್ಲಿಗೆ ಬಂತು ನೋಡು. ಎಚ್ಚರಿಕೆ ಯಾವತ್ತೂ ಬಟನ್ ಒತ್ತುವುದಕ್ಕಿಂತ ಮೊದಲು ಬರಬೇಕು. ಒತ್ತಿದ ಮೇಲೆ "ಸೂಚನೆ" ಅಂತ ಹಾಕಿದರೆ ಸುಮ್ನೆ ಹೊಟ್ಟೆ ಉರಿಯುತ್ತದೆ, ಅಷ್ಟೆ.

ಇಲ್ಲಿ ಕನ್ನಡವೇ ನಮಗೆ ಸಹಾಯ ಮಾಡುತ್ತದೆ. ಇಂಗ್ಲಿಷ್ ಬರೆಯುವವರಿಗೆ "ಷರತ್ತು ಮೊದಲು, ಜಾಗ ಮೊದಲು, ಕೆಲಸ ಆಮೇಲೆ" ಅಂತ ಪಾಠ ಮಾಡಬೇಕು. ನಮ್ಮಲ್ಲಿ "ದಾಟಿದ್ದರೆ" ಮೊದಲೇ ಬರುತ್ತದೆ, "ಒತ್ತಿ" ಕೊನೆಗೇ ಬರುತ್ತದೆ. ನಾವೇ ಅದನ್ನು "ಆರಿಸುವ ಮೂಲಕ ರದ್ದುಗೊಳಿಸಬಹುದಾಗಿದೆ" ಅಂತ ಸರ್ಕಾರಿ ಸುತ್ತೋಲೆ ಮಾಡಿ ಕೆಡಿಸುತ್ತೇವೆ. ಅಂದಹಾಗೆ "ಬಳಕೆದಾರರು" ಅಂದರೆ ಯಾರು? ಓದುತ್ತಿರುವವರೇ ತಾನೆ? ಆ ಪದ ತೆಗೆದುಬಿಡು.

ಒಂದು ವಿನಾಯಿತಿ ಇದೆ. ಶೀರ್ಷಿಕೆ ಅಂಗಡಿಯ ಮಾತಿನಲ್ಲಿರಲಿ, ಆದರೆ ಬಟನ್ ಹೆಸರು ಸ್ಕ್ರೀನಿನಲ್ಲಿ ಹೇಗಿದೆಯೋ ಹಾಗೇ ಇರಲಿ. ಸ್ಕ್ರೀನಿನಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಪುಸ್ತಕದಲ್ಲೂ ಅದೇ ಅಕ್ಷರ. ನೀನು "ಉಳಿಸಿ" ಅಂತ ಬರೆದು ಸ್ಕ್ರೀನಿನಲ್ಲಿ ಸೇವ್ ಇದ್ದರೆ ಆತ ಇಲ್ಲದ ಬಟನ್ ಹುಡುಕುತ್ತಾ ಕೂರುತ್ತಾನೆ.

ಗುಂಪಿನ ಸದಸ್ಯರು (ಹರಿಹರ)

ಇಷ್ಟೆಲ್ಲ ಯಾಕೆ ಮೇಡಂ? ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಸಾಕಲ್ವಾ?

ಉತ್ತರ

ಮೊದಲ ಸಲ ಕಲಿಯುವವರಿಗೆ ವಿಡಿಯೋ ಒಳ್ಳೆಯದೇ ಸರ್. ಆದರೆ ಕೌಂಟರ್ ಮುಂದೆ ನಾಲ್ಕು ಜನ ನಿಂತಿರುವಾಗ ಏಳು ನಿಮಿಷದ ವಿಡಿಯೋದಲ್ಲಿ ಬೇಕಾದ ಹತ್ತು ಸೆಕೆಂಡು ಹುಡುಕಲು ಆಗುತ್ತಾ? ಇನ್ನು ಮುಂದಿನ ಅಪ್‌ಡೇಟ್‌ನಲ್ಲಿ ಬಟನ್ ಜಾಗ ಬದಲಾದರೆ ಮತ್ತೆ ಶೂಟಿಂಗ್.

ಗುಂಪಿನ ಸದಸ್ಯರು (ಚಳ್ಳಕೆರೆ)

ನಾನು ಅಂಗಡಿಯವನು. ನಮಗೆ ಪುಸ್ತಕ ಬೇಡ. ಗಲ್ಲಾದ ಪಕ್ಕ ಗೋಡೆಗೆ ಅಂಟಿಸುವ ಒಂದು ಹಾಳೆ ಕೊಡಿ, ಅಕ್ಷರ ದೊಡ್ಡದಿರಲಿ. ಕನ್ನಡಕ ಮನೆಯಲ್ಲಿ ಮರೆತು ಬಂದ ದಿನವೂ ಕಾಣಬೇಕು.

ಉತ್ತರ

ತಂಗಿ, ಇವರ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೋ. ಜಾಸ್ತಿ ಬರುವ ಎಂಟು ಹತ್ತು ಫೋನುಗಳಿಗೆ ಒಂದು ಹಾಳೆ ಮಾಡು. 60 ಪುಟವನ್ನು ಎಸೆಯಬೇಡ, ಫೋನ್ ಎತ್ತುವ ನಿಮ್ಮ ಆಫೀಸಿನವರಿಗೆ ಅದು ಬೇಕು. ಡೇನಿಯೆಲ್ ಪ್ರೊಸಿಡಾ ಎಂಬುವರು ಡಾಕ್ಯುಮೆಂಟೇಷನ್ ಅನ್ನು ನಾಲ್ಕು ಬಗೆ ಮಾಡಿ ಡಯಾಟಾಕ್ಸಿಸ್ ಅಂತ ಕರೆದಿದ್ದಾರೆ: ಕಲಿಯಲು, ಕೆಲಸ ಮುಗಿಸಲು, ಬೇಕಾದ್ದನ್ನು ತೆಗೆದು ನೋಡಲು, ಯಾಕೆ ಹೀಗೆ ಅಂತ ತಿಳಿಯಲು. ನಿನ್ನದು ಮೂರನೆಯ ಬಗೆ. ಅಂಗಡಿಗೆ ಬೇಕಿದ್ದದ್ದು ಎರಡನೆಯದು.

ಹಾಳೆ ಮಾಡಿದ ಮೇಲೆ ಅಂಗಡಿಗೆ ಹೋಗಿ ಗುಮಾಸ್ತನ ಕೈಗೆ ಕೊಡು, ಒಂದು ಕೆಲಸ ಹೇಳು, ಬಾಯಿ ಮುಚ್ಚಿಕೊಂಡು ಕೂರು. ಇದೇ ತುಂಬಾ ಕಷ್ಟ. ಆತ ತಪ್ಪು ಬಟನ್ ಮೇಲೆ ಕೈ ಇಟ್ಟಾಗ "ಅಯ್ಯೋ ಅದಲ್ಲ" ಅನ್ನಬಾರದು. ಯಾವ ಸಾಲಿನಲ್ಲಿ ಕಣ್ಣು ನಿಂತಿತು, ಅದನ್ನು ಗುರುತು ಮಾಡಿಕೋ.

ಕಲಿಕೆಗೆ ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಪಾಠಗಳು ಉಚಿತವಾಗಿವೆ, ಇಂಗ್ಲಿಷ್‌ನಲ್ಲಿ. ಮಾರ್ಕ್‌ಡೌನ್, ಅಂದರೆ ಸಾದಾ ಅಕ್ಷರದಲ್ಲೇ ಶೀರ್ಷಿಕೆ, ಪಟ್ಟಿ ಗುರುತಿಸಿ ಬರೆಯುವ ರೀತಿ, ಒಂದು ಸಂಜೆಯ ಕೆಲಸ. ಯಾವಾಗ ಏನು ಬದಲಾಯಿತು ಅಂತ ಲೆಕ್ಕ ಇಡುವ ಗಿಟ್ ಸಾಫ್ಟ್‌ವೇರನ್ನು ನಿಧಾನ ಕಲಿ.

ಪ್ರಶ್ನೆ ಕೇಳಿದವರು (ಮೂರು ವಾರದ ಮೇಲೆ)

ಅಕ್ಕಾ, ಹಾಳೆ ಅಂಟಿಸಿದೆವು. ಉದ್ರಿ, ವಾಪಸ್ ಮಾಲಿನ ಫೋನ್ ಬಹಳ ಕಡಿಮೆಯಾಗಿದೆ. ಆದರೆ ಒಂದು ಮಾತ್ರ ನಿಲ್ಲುತ್ತಿಲ್ಲ. ನಮ್ಮಲ್ಲಿ "ಕ್ಲೋಸ್" ಅಂತ ಒಂದು ಬಟನ್ ಇದೆ, ಅದು ಆ ದಿನದ ಲೆಕ್ಕವನ್ನೇ ಮುಗಿಸಿಬಿಡುತ್ತದೆ. ಒಂದು ಅಂಗಡಿಯಲ್ಲಿ ಕೂತು ನೋಡಿದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವಾಗ ಅವರು ಅದನ್ನು ಒತ್ತಿ ಹೋಗುತ್ತಾರೆ! ಬಂದ ಮೇಲೆ ಬಿಲ್ ಆಗುವುದಿಲ್ಲ. ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಹಾಕಿದೆ, ಆದರೂ ಒತ್ತುತ್ತಾರೆ.

ಉತ್ತರ

ಇನ್ನೂ ಕೆಂಪು ಮಾಡಿದರೂ ಒತ್ತುತ್ತಾರೆ. ಅಂಗಡಿ ಮುಚ್ಚುವಾಗ ಮುಚ್ಚು ಅನ್ನುವ ಬಟನ್ ಒತ್ತಿದರೆ ತಪ್ಪು ಅವರದ್ದಾ? ಆ ಬಟನ್ ಹೆಸರು "ಇವತ್ತಿನ ಲೆಕ್ಕ ಮುಗಿಸಿ" ಅಂತಾಗಬೇಕು, ಒತ್ತಿದಾಗ ಒಂದು ಸಲ ಕೇಳಬೇಕು. ಪ್ರೋಗ್ರಾಮರ್‌ಗೆ ಹೇಳು.

ಪ್ರಶ್ನೆ ಕೇಳಿದವರು

ಹೇಳಿದೆ ಅಕ್ಕಾ. "ಅಷ್ಟಕ್ಕೆಲ್ಲ ಕೋಡ್ ಮುಟ್ಟಬೇಕಾ? ಮ್ಯಾನ್ಯುಯಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕು" ಅಂದರು.

ಉತ್ತರ

ನೋಟ್‌ಬುಕ್ ತೋರಿಸು, ಆ ಬಟನ್‌ಗೆ ಎಷ್ಟು ಫೋನ್ ಬಂದಿದೆ ಅಂತ. ಅದಕ್ಕೂ ಒಪ್ಪದಿದ್ದರೆ ಒಂದು ವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗಿನ ಫೋನನ್ನು ಅವರ ಟೇಬಲ್ ಮೇಲೆ ಇಡಿಸು.