ಬೆಂಗಳೂರಿನ ಬಗೆಬಗೆಯ ಊಟಗಳನ್ನು ಎಲ್ಲಿಂದ ಆರಂಭಿಸಬೇಕು? – ಅನುಭವ ಹಂಚಿಕೆ

ಪ್ರಶ್ನೆ: ನಾನು ಸಾಗರದವಳು. ಕೆಲಸದ ಸಲುವಾಗಿ ಬಂದು ಬಿಟಿಎಂ ಬಡಾವಣೆಯಲ್ಲಿ ವಾಸವಾಗಿದ್ದೇನೆ. ಪಿಜಿಯ ಊಟ ಮತ್ತು ಬೀದಿಯ ಮೂಲೆಯ ದರ್ಶಿನಿಯನ್ನು ಬಿಟ್ಟರೆ ಈ ಊರಿನ ಬೇರೆ ರುಚಿಗಳನ್ನು ನೋಡಿಲ್ಲ. ನಾನು ಮಾಂಸಾಹಾರವನ್ನೂ ತಿನ್ನುತ್ತೇನೆ. ಆಗಾಗ ಬರುವ ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು. ದುಬಾರಿ ಜಾಗಗಳು ಬೇಡ. ಅನುಭವವಿರುವವರು ದಯವಿಟ್ಟು ತಿಳಿಸಿ.

ಬಸವನಗುಡಿಯ ನಿವಾಸಿ: ಪ್ರಸಿದ್ಧ ಹೋಟೆಲುಗಳ ಪಟ್ಟಿ ಹಿಡಿದು ಹೊರಡುವ ಬದಲು ಒಂದೊಂದು ರಜೆಗೆ ಒಂದೊಂದು ಬಡಾವಣೆಯನ್ನು ಆರಿಸಿಕೊಳ್ಳಿ. ಯಾವ ಅಡುಗೆಯನ್ನು ಮನೆಯಲ್ಲಿ ಉಂಡು ಬೆಳೆದವರು ಎಲ್ಲಿ ನೆಲೆಸಿದ್ದಾರೋ ಅಲ್ಲಿಯೇ ಆ ಅಡುಗೆ ಕೆಡದೆ ಉಳಿದಿರುತ್ತದೆ, ಏಕೆಂದರೆ ರುಚಿ ತಪ್ಪಿದರೆ ಕೇಳುವ ಗಿರಾಕಿಗಳು ಅಲ್ಲಿರುತ್ತಾರೆ. ತಂದೆತಾಯಿ ಬಂದಾಗ ನಮ್ಮ ಕಡೆಗೆ ಬನ್ನಿ. ಬಿಟಿಎಂನಿಂದ ಹಳದಿ ಮಾರ್ಗದ ಮೆಟ್ರೊದಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಸಾಕು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆಯುತ್ತಿದೆ. ಶುಕ್ರವಾರ ಅದಕ್ಕೆ ರಜೆ, ಭಾನುವಾರ ಬಾಗಿಲಿನಾಚೆಯವರೆಗೂ ಜನ; ಆದ್ದರಿಂದ ವಾರದ ದಿನದಲ್ಲಿ ಬಿಡುವು ಸಿಕ್ಕರೆ ಒಳ್ಳೆಯದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ವಡೆಗೆ ಸಾಂಬಾರು ಕೊಡುವುದಿಲ್ಲ, ಚಟ್ನಿಯೊಂದೇ. ಆ ಚಟ್ನಿ ಕುಡಿಯುವಷ್ಟು ಚೆನ್ನಾಗಿರುವುದರಿಂದ ಅಪ್ಪ ಅಮ್ಮನವರು ತಕರಾರು ತೆಗೆಯಲಾರರು ಎಂದು ನನ್ನ ನಂಬಿಕೆ. ಭಾನುವಾರ ಅದು ಮುಚ್ಚಿರುತ್ತದೆ. 1924ರಲ್ಲಿ ಆರಂಭವಾದ ಮಾವಳ್ಳಿಯ ಎಂಟಿಆರ್‌ಗೆ ಸೋಮವಾರ ರಜೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ತಮ್ಮಲ್ಲೇ ಹುಟ್ಟಿತೆಂದು ಹೋಟೆಲಿನವರು ಹೇಳಿಕೊಳ್ಳುತ್ತಾರೆ. ವಿದ್ಯಾರ್ಥಿ ಭವನದ ದೋಸೆಗಿಂತ ಮಲ್ಲೇಶ್ವರದ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆಯೇ ಮೇಲೆಂದು ಯಾರಾದರೂ ಇಲ್ಲಿ ವಾದಕ್ಕೆ ಬಂದೇ ಬರುತ್ತಾರೆ. ಎರಡನ್ನೂ ತಿಂದು ನೀವೇ ತೀರ್ಮಾನಿಸಿ. ಸಂಜೆಯಾದರೆ ವಿ.ವಿ. ಪುರದ ತಿಂಡಿ ಬೀದಿ ಇದೆ. ಚಳಿಗಾಲದಲ್ಲಿ ಅವರೆಕಾಯಿಯ ಕಾಲ ಬಂದಾಗ ಆ ಭಾಗದಲ್ಲಿ ನಡೆಯುವ ಅವರೆಬೇಳೆ ಮೇಳವನ್ನು ತಪ್ಪಿಸಿಕೊಳ್ಳಬೇಡಿ.

ಜಯನಗರದಿಂದ: ಬಸವನಗುಡಿಯವರ ಮಾತು ಸರಿಯಾಗಿದೆ, ಆದರೆ ಬಡಾವಣೆಯಷ್ಟೇ ಹೊತ್ತೂ ಮುಖ್ಯ. ನಮ್ಮ ಕಡೆಯ ಮತ್ತು ಕಾಟನ್‌ಪೇಟೆಯ ಹಳೆಯ ಮಿಲಿಟರಿ ಹೋಟೆಲುಗಳಿಗೆ ರಾತ್ರಿ ಹೋಗುವ ಯೋಚನೆ ಬಿಡಿ. ಹನ್ನೆರಡು ಗಂಟೆಯೊಳಗೆ ಹೋದವರಿಗೆ ಕಾಲು ಸೂಪು, ಬೋಟಿ, ತಲೆಮಾಂಸ ಎಲ್ಲವೂ ಸಿಗುತ್ತವೆ, ತಡವಾಗಿ ಬಂದವರಿಗೆ ಉಳಿದದ್ದು ಸಿಗುತ್ತದೆ. ಹೈದರಾಬಾದಿನ ಬಿರಿಯಾನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ದೊನ್ನೆ ಬಿರಿಯಾನಿಗೆ ಕೂರಬೇಡಿ. ಇದರಲ್ಲಿ ಬಾಸ್ಮತಿಯ ಬದಲು ಪರಿಮಳದ ಸಣ್ಣಕ್ಕಿ, ಕೇಸರಿಯ ಬದಲು ಪುದೀನ, ಕೊತ್ತಂಬರಿ ಸೊಪ್ಪು ಮತ್ತು ಹಸಿಮೆಣಸಿನಕಾಯಿ ರುಬ್ಬಿದ ಮಸಾಲೆ. ಬಣ್ಣ ಹಸಿರಾಗಿರುವುದು ಅದರಿಂದಲೇ. ನೀವು ಮಲೆನಾಡಿನವರಾದ್ದರಿಂದ ಒಂದು ಮಾತು: ಮುದ್ದೆಯನ್ನು ಅಗಿಯಲು ಹೋಗದೆ, ಸಾರಿನಲ್ಲಿ ಅದ್ದಿ ನುಂಗಿಬಿಡಿ. ಬಾಳೆ ಎಲೆಯ ಆಂಧ್ರ ಊಟಕ್ಕೆ ರೆಸಿಡೆನ್ಸಿ ರಸ್ತೆ ಪ್ರಸಿದ್ಧ. ಪಪ್ಪು, ಗೋಂಗುರ, ಪುಡಿ, ತುಪ್ಪ ಎಲ್ಲವೂ ಸಸ್ಯಾಹಾರವೇ, ಆದರೆ ಪಕ್ಕದ ಎಲೆಗೆ ಕೋಳಿ ಬರುತ್ತಿರುತ್ತದೆ. ಅಪ್ಪ ಅಮ್ಮನವರು ಅದನ್ನು ಸಹಿಸುವರೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಕಮ್ಮನಹಳ್ಳಿಯಿಂದ: ಇದುವರೆಗಿನ ಉತ್ತರಗಳೆಲ್ಲ ಹಳೆಯ ಬೆಂಗಳೂರಿನವು. ಹೊರರಾಜ್ಯಗಳಿಂದಲೂ ಹೊರದೇಶಗಳಿಂದಲೂ ಓದಲು ಮತ್ತು ದುಡಿಯಲು ಬಂದವರು ಕಟ್ಟಿದ ಊಟದ ಲೋಕವನ್ನು ನೋಡಬೇಕಾದರೆ ನಮ್ಮ ಮುಖ್ಯರಸ್ತೆಗೆ ಬರಬೇಕು: ಅರಬ್ಬಿ ಶವರ್ಮ, ಟಿಬೆಟಿನ ಮೊಮೊ, ಮಲಯಾಳಿಗಳ ಪೊರೊಟ್ಟ, ನಾಗಾಲ್ಯಾಂಡಿನ ಅಡುಗೆ ಎಲ್ಲವೂ ನಡೆದಾಡುವಷ್ಟು ದೂರದಲ್ಲಿವೆ. ನಿಮಗೆ ನಾನು ಮೊದಲು ಸೂಚಿಸುವುದು ನಾಗಾ ಊಟವನ್ನೇ. ಸಾಗರದವರಿಗೆ ಕಳಲೆಯ (ಎಳೆ ಬಿದಿರಿನ ಮೊಳಕೆ) ಪರಿಚಯ ಹೇಳಬೇಕಾಗಿಲ್ಲವಷ್ಟೆ; ಅದೇ ಕಳಲೆಯನ್ನು ಹುಳಿ ಬರಿಸಿ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದೊಡನೆ ಬೇಯಿಸುತ್ತಾರೆ, ಎಣ್ಣೆ ತೀರಾ ಕಡಿಮೆ. ಹುದುಗಿಸಿದ ಸೋಯಾ ಕಾಳಿನ ಅಖುನಿ ಹಾಕಿದ ಅಡುಗೆಯ ವಾಸನೆ ಮೊದಲ ಸಲಕ್ಕೆ ಜೋರೆನಿಸುವುದರಿಂದ ಅದನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಿ. ಖಾರ ಎಷ್ಟು ಬೇಕೆಂದು ಮೊದಲೇ ಹೇಳಿಬಿಡಿ, ಅವರ ರಾಜಾ ಮೆಣಸಿನ ಮುಂದೆ ಬ್ಯಾಡಗಿ ಸಾಧುಪ್ರಾಣಿ. ಇಷ್ಟು ದೂರ ಬರುವುದು ಕಷ್ಟವಾದರೆ ನಿಮಗೆ ಹತ್ತಿರದ ಈಜಿಪುರದಲ್ಲಿಯೂ ಈಶಾನ್ಯದವರ ಸಣ್ಣ ಹೋಟೆಲುಗಳಿವೆ.

ಧಾರವಾಡದಿಂದ ಬಂದು ರಾಜಾಜಿನಗರದಲ್ಲಿರುವವರು: ಖಾನಾವಳಿಯನ್ನು ಯಾರೂ ನೆನೆಯಲಿಲ್ಲ! ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು – ಶುದ್ಧ ಸಸ್ಯಾಹಾರ, ಹೊಟ್ಟೆ ತುಂಬುವಷ್ಟು, ಬೆಲೆಯೂ ಹಗುರ. ರೊಟ್ಟಿ ಬಡಿಯುವ ಸದ್ದು ಕೇಳಿಸುವ ಖಾನಾವಳಿಯನ್ನೇ ಆರಿಸಿ. ಒಣಗಿಸಿಟ್ಟ ಕಟಕ ರೊಟ್ಟಿ ಮಾತ್ರ ಇಟ್ಟುಕೊಂಡಿರುವಲ್ಲಿ ನಾನು ಕೂರುವುದಿಲ್ಲ.

ಫ್ರೇಜರ್ ಟೌನ್‌ನಿಂದ: ಶಿವಾಜಿನಗರವನ್ನು ಸಂಜೆಯ ನಂತರ, ಸಾಧ್ಯವಾದರೆ ರಂಜಾನ್ ತಿಂಗಳಲ್ಲಿ ನೋಡಿ. ಹಲೀಮ್, ಸಮೋಸ, ಕೆಂಡದ ಕಬಾಬು ಬೀದಿಯಲ್ಲೇ ಸಿಗುತ್ತವೆ. ನೂಕುನುಗ್ಗಲು ವಿಪರೀತವಾದ್ದರಿಂದ ಗೆಳತಿಯರೊಡನೆ ಹೋಗುವುದು ಮತ್ತು ವಾಹನ ತಾರದಿರುವುದು ಲೇಸು.

ಇನ್ನೊಂದು, ನೀವು ಖರ್ಚಿನ ಮಾತು ಎತ್ತಿದ್ದೀರಿ. ಬಿಲ್ಲಿನಲ್ಲಿ ಜಿಎಸ್‌ಟಿಯ ಜೊತೆಗೆ ಸೇವಾ ಶುಲ್ಕವೆಂದು ಸೇರಿಸಿದ್ದರೆ ಅದನ್ನು ತೆಗೆಯುವಂತೆ ಕೇಳುವ ಹಕ್ಕು ನಿಮಗಿದೆ; ಅದನ್ನು ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ದರ್ಶಿನಿ, ಖಾನಾವಳಿ, ಮಿಲಿಟರಿ ಹೋಟೆಲುಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಇಂದಿರಾನಗರ, ಕೋರಮಂಗಲದ ದೀಪಾಲಂಕಾರದ ರೆಸ್ಟೋರೆಂಟ್‌ಗಳಲ್ಲಿ ಹಣ ಕೊಡುವ ಮುನ್ನ ಬಿಲ್ಲನ್ನು ಓದಿ.